ಮಜ್ಜಿಗೆ ಗಡಿಗೆಯ ಒಂಬತ್ತು ಹುಣ್ಣಿಮೆ

ಆ ಊರಿಗೂ ಒಂದು ಹೆಸರಿತ್ತು. ಆದರೆ ಊರಿನವರು ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ಎಲ್ಲಿ ಸಾಕ್ಷಿಗೆ ಕರೆದುಬಿಡುತ್ತಾರೋ ಎಂಬ ಅಂಜಿಕೆ. ಅವರೇ ಹೇಳದ ಮೇಲೆ ನಮಗೇಕೆ ಉಸಾಬರಿ, ನಾವೂ ಹೇಳುವುದು ಬೇಡ.

ಆ ಊರಲ್ಲಿ ನೀಲಿ ಉಪ್ಪು ಎಂಬುದೊಂದು ಓಡಾಡುತ್ತಿತ್ತು. ಒಂದು ಹರಳು ನಾಲಿಗೆಯ ಮೇಲಿಟ್ಟರೆ ಎರಡು ದಿನ ಕಣ್ಣು ತೆರೆದುಕೊಂಡೇ ಕನಸು. ಮತ್ತೆ ಮತ್ತೆ ಇಟ್ಟವರು ಕನಸಿನಿಂದ ಹಿಂದಿರುಗುತ್ತಿರಲಿಲ್ಲ. ಮನೆಯ ಜಗಲಿಯಲ್ಲಿ ಕೂತಿರುತ್ತಿದ್ದರು, ಕರೆದರೆ ತಿರುಗುತ್ತಿದ್ದರು, ಕರೆದದ್ದು ಹೆಂಡತಿಯೋ ತಾಯಿಯೋ ತಿಳಿಯದೆ ಸುಮ್ಮನೆ ನಗುತ್ತಿದ್ದರು. ಹಾಗೆ ಕೂತವರು ಬೀದಿಗಿಬ್ಬರು ಮೂವರಾದಾಗ ಊರಿನ ಹಿರಿಯರಿಗೆ ತಡೆಯಲಾರದ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಒಂದು ಕಾನೂನು ಬರೆದರು. ಸಿಟ್ಟಿಗೆ ಕಾರಣವಿತ್ತು, ಇಲ್ಲವೆನ್ನಲಾಗದು. ಆದರೆ ಬರೆದದ್ದನ್ನು ತಣ್ಣಗಾದ ಮೇಲೆ ಯಾರೂ ಇನ್ನೊಮ್ಮೆ ಓದಿ ನೋಡಲಿಲ್ಲ.

ಕಾನೂನು ಹೀಗಿತ್ತು. ತೀರ್ಪಿನ ಮನೆಯಲ್ಲಿ ಒಂದು ತಕ್ಕಡಿ, ಒಂದು ಕರಿಕಲ್ಲು. ಸಿಕ್ಕ ಉಪ್ಪು ಕಲ್ಲಿಗಿಂತ ಹಗುರವಾದರೆ ಸಿಕ್ಕವರು ಮನೆಗೆ ಹೋಗಬಹುದು, ಕರೆದಾಗ ಬಂದರಾಯಿತು. ಕಲ್ಲಿಗಿಂತ ಭಾರವಾದರೆ ವಿಚಾರಣೆ ಮುಗಿಯುವವರೆಗೂ ಕಾಯುವ ಮನೆಯಲ್ಲಿ ಕೂತಿರಬೇಕು. ವಿಚಾರಣೆ ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ ಊರಿನಲ್ಲಿ ಸಣ್ಣ ಮಕ್ಕಳೂ ನಗುತ್ತಿದ್ದವು.

ಕಾಯುವ ಮನೆಯಿಂದ ಹೊರಬರಲು ಒಂದೇ ಒಂದು ದಾರಿ. ತಮ್ಮ ಬಳಿ ಆ ಉಪ್ಪಿಲ್ಲದ, ಕೈ ಖಾಲಿ ಇರುವ ಒಬ್ಬರು ಎರಡು ಮಾತು ಹೇಳಬೇಕು. ಮೊದಲನೆಯದು, 'ಇವರು ಮಾಡಿಲ್ಲ.' ಎರಡನೆಯದು, 'ಇವರು ಇನ್ನು ಮಾಡುವುದಿಲ್ಲ.' ಎರಡರಲ್ಲಿ ಯಾವುದು ಸುಳ್ಳಾದರೂ ಹೇಳಿದವರೇ ಹೋಗಿ ಆ ಜಾಗದಲ್ಲಿ ಕೂರಬೇಕು. ಹೇಳುವ ಕೆಲಸ ತೀರ್ಪಿನಯ್ಯನವರದು. ಅವರು ಒಳ್ಳೆಯ ಮನುಷ್ಯ, ಇರುವೆಯನ್ನೂ ದಾಟಿಕೊಂಡು ನಡೆಯುವವರು. ಆದರೆ ಅವರ ಕಾಲದಲ್ಲಿ ಆ ಎರಡನೆಯ ಮಾತು ಅವರ ಬಾಯಿಂದ ಒಮ್ಮೆಯೂ ಹೊರಬಿದ್ದಿರಲಿಲ್ಲ.

ಇಂಥ ಊರಿನ ಸಂತೆಯಲ್ಲಿ ಒಬ್ಬಳು ಮಜ್ಜಿಗೆ ಮಾರುತ್ತಿದ್ದಳು. ಮೂವತ್ತು ವರ್ಷ ಅದೇ ಹುಣಿಸೆಮರದ ನೆರಳು, ಹನ್ನೆರಡು ಸೌಟು ಹಿಡಿಯುವ ಅದೇ ಮಣ್ಣಿನ ಗಡಿಗೆ. ಎಲ್ಲರೂ ಅವಳನ್ನು ಮಜ್ಜಿಗೆಯಮ್ಮ ಎನ್ನುತ್ತಿದ್ದರು. ನೀಲಿ ಉಪ್ಪೆಂದರೆ ಅವಳಿಗೆ ಮೈಯೆಲ್ಲ ಉರಿ. ಅವಳ ಗಂಡ ಹಾಗೆ ಜಗಲಿಯಲ್ಲಿ ಕೂತು ಕೂತೇ ತೀರಿಹೋದವನು. ಕಾನೂನು ಬಂದ ದಿನ ಗಿರಾಕಿಗಳಿಗೆಲ್ಲ ಪುಕ್ಕಟೆ ಮಜ್ಜಿಗೆ ಹಂಚಿದವಳು ಅವಳು.

ಒಂದು ಸಂತೆಯ ದಿನ ಗಡ್ಡದವನೊಬ್ಬ ಓಡೋಡಿ ಬಂದ, ಹಿಂದೆ ಕಾವಲಿನವರು ಓಡಿಬಂದರು. ಗಡ್ಡದವನು ಮುಚ್ಚಿದ ಮುಷ್ಟಿಯನ್ನು ಅವಳ ಗಡಿಗೆಯೊಳಗೆ ಅದ್ದಿದ, ಬಿಚ್ಚಿ ಮೇಲೆತ್ತಿದ. ಕಾವಲಿನವರು ಅವನ ಕೈ ನೋಡಿದರು. ಬೆಳ್ಳಗೆ, ಮಜ್ಜಿಗೆಯಲ್ಲಿ ತೊಳೆದ ಹಾಗೆ ಶುಭ್ರವಾಗಿತ್ತು. ಅವನನ್ನು ಮನೆಗೆ ಕಳಿಸಿದರು. ಆಮೇಲೆ ಗಡಿಗೆಯ ಅಂಚಿನಲ್ಲಿ ಒಂದು ನೀಲಿ ಹರಳು ಕಂಡಿತು.

ಗಡಿಗೆಯನ್ನು ತೀರ್ಪಿನ ಮನೆಗೆ ಒಯ್ದು ತೂಗಿದರು. ಒಂದು ಚಿಟಿಕೆ ಉಪ್ಪು, ಹನ್ನೆರಡು ಸೌಟು ಮಜ್ಜಿಗೆ. ಕರಿಕಲ್ಲು ತಟ್ಟನೆ ಮೇಲಕ್ಕೆ ಹಾರಿತು.

"ಉಪ್ಪಿನ ಜೊತೆ ಮಜ್ಜಿಗೇನೂ ತೂಗಿದರಲ್ಲ ಸ್ವಾಮಿ," ಎಂದಳು ಮಜ್ಜಿಗೆಯಮ್ಮ.

"ಬೆರೆತದ್ದೆಲ್ಲ ಅದೇ ಅಮ್ಮಾ," ಎಂದರು ತೂಗಿದವರು.

ಅಂದು ಬೆಳಿಗ್ಗೆಯಷ್ಟೆ ಅವಳ ಒಬ್ಬಳೇ ಮಗಳು ಗಂಡನ ಮನೆಯಿಂದ ಬಂದು ಕಿವಿಯಲ್ಲಿ ಉಸುರಿದ್ದಳು, "ಈ ತಿಂಗಳು ಹೊರಗಾಗಲಿಲ್ಲಮ್ಮ." ಚೊಚ್ಚಲು. ಚೊಚ್ಚಲ ಬಾಣಂತನ ತವರಿನದು, ಅದು ಆ ಊರಿನಲ್ಲೂ ಹಾಗೇ. ತವರೆಂದರೆ ಆ ಹುಡುಗಿಗೆ ಇದ್ದದ್ದು ತಾಯಿಯೊಬ್ಬಳೇ. ಕಾಯುವ ಮನೆಯ ಬಾಗಿಲು ಮುಚ್ಚಿಕೊಂಡಾಗ ಮಜ್ಜಿಗೆಯಮ್ಮ ತನ್ನ ಬಗ್ಗೆ ಯೋಚಿಸಲಿಲ್ಲ. ಬೆರಳು ಮಡಚಿ ತಿಂಗಳು ಎಣಿಸಿದಳು.

ಹುಣ್ಣಿಮೆಗೊಮ್ಮೆ ಬೆಳಗಿನ ಹೊತ್ತು ಅವಳನ್ನು ತೀರ್ಪಿನ ಮನೆಗೆ ಕರೆದೊಯ್ಯುತ್ತಿದ್ದರು. ಒಳಗೆ ನಾಲ್ಕೇ ಪೀಠ, ನಾಲ್ಕೇ ಜನ. ಎತ್ತರದ ಪೀಠದಲ್ಲಿ ತೀರ್ಪಿನಯ್ಯ. ಬಲಕ್ಕೆ ತಕರಾರಿನಯ್ಯ, ಬೇಡವೆನ್ನುವುದೇ ಅವರ ಉದ್ಯೋಗ. ಎಡಕ್ಕೆ ಉಗ್ರಾಣದಯ್ಯ, ಹಿಡಿದು ತಂದ ಮಾಲನ್ನೆಲ್ಲ ಕಾಯುವವರು. ಎದುರಿಗೆ ಅವಳು. ಉಳಿದವರೆಲ್ಲ ಕಿಟಕಿಯ ಹೊರಗೆ.

ಪ್ರತಿ ಹುಣ್ಣಿಮೆಯೂ ಒಂದೇ ಕ್ರಮ. ಮೊದಲು ತೀರ್ಪಿನಯ್ಯ ಎರಡೂ ಅಂಗೈ ತೋರಿಸಿ "ನನ್ನ ಕೈ ಖಾಲಿ" ಎನ್ನುತ್ತಿದ್ದರು. ಆಮೇಲೆ ಉಗ್ರಾಣದಯ್ಯ ಗಡಿಗೆ ತಂದು ತೂಗಿ "ತೂಕ ಸರಿ" ಎನ್ನುತ್ತಿದ್ದರು. ಆಮೇಲೆ ಅರಗಿನ ಮುದ್ರೆ ಒಡೆದು ಮೂರು ಸೌಟು ಮಾದರಿ ತೆಗೆಯುತ್ತಿದ್ದರು. ಒಂದು ಸೌಟು ತೀರ್ಪಿನಯ್ಯನವರ ಶೀಸೆಗೆ, ಒಂದು ತಕರಾರಿನಯ್ಯನವರ ಶೀಸೆಗೆ, ಒಂದು ದೂರದೂರಿನ ಪರೀಕ್ಷಕರಿಗೆ. ಪರೀಕ್ಷಕರಿಂದ ಉತ್ತರ ಬಂದದ್ದನ್ನು ಕಂಡವರಿಲ್ಲ. ಆಮೇಲೆ ತಕರಾರಿನಯ್ಯ ಎದ್ದುನಿಂತು ಪುಸ್ತಕ ತೆರೆದು ಮೂರು ಸಾಲು ರಾಗವಾಗಿ ಓದುತ್ತಿದ್ದರು: "ನೀಲಿ ಉಪ್ಪು ಯಾವುದರಲ್ಲಿ ಬೆರೆತರೂ ಬೆರೆತದ್ದೆಲ್ಲ ನೀಲಿ ಉಪ್ಪೇ. ಅದಕ್ಕೆ ಏನನ್ನು ಬೆರೆಸಿದವರೂ ಅದನ್ನು ತಯಾರಿಸಿದವರೇ. ತಯಾರಿಸಿದವರ ಕೈಯಿಂದ ಪಡೆದವರೂ ಅವರ ಜೊತೆಯವರೇ."

ಆಮೇಲೆ ಅವಳ ಸರದಿ. ಕಾಯುವವರಿಗೆ ಒಂದು ಹುಣ್ಣಿಮೆಗೆ ಒಂದೇ ಮಾತು, ಅದಕ್ಕಿಂತ ಹೆಚ್ಚಿಲ್ಲ.

"ನಾನು ಹಾಕಿಲ್ಲ," ಎಂದಳು ಮೊದಲ ಹುಣ್ಣಿಮೆಯಲ್ಲಿ.

ತೀರ್ಪಿನಯ್ಯ ಅವಳ ಮುಖ ನೋಡಿದರು. ಅವರಿಗೆ ನಂಬಿಕೆ ಬಂತು. ಬಾಯಿ ತೆರೆದು "ಇವರು ಮಾಡಿಲ್ಲ" ಎಂದೇಬಿಟ್ಟರು. ಎರಡನೆಯ ಮಾತಿಗೆ ಉಸಿರೆಳೆದುಕೊಂಡರು. ಆಗ ತಕರಾರಿನಯ್ಯ ಕೂತಲ್ಲಿಂದಲೇ ಒಂದೇ ಶಬ್ದದ ಪ್ರಶ್ನೆ ಎಸೆದರು.

"ನಾಳೆ?"

ತೀರ್ಪಿನಯ್ಯನವರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ನಾಳೆ ಏನಾಗುತ್ತದೆಂದು ಅವರಿಗೇನು ಗೊತ್ತು? ನಾಳೆ ತಮ್ಮ ಮನೆಯಲ್ಲಿ ಸಾರೋ ಹುಳಿಯೋ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಬಾಯಿ ಮುಚ್ಚಿ "ಮುಂದಿನ ಹುಣ್ಣಿಮೆ" ಎಂದರು.

ಎರಡನೆಯ ಹುಣ್ಣಿಮೆ. "ನಾನು ಹಾಕಿಲ್ಲ." "ಇವರು ಮಾಡಿಲ್ಲ." "ನಾಳೆ?" "ಮುಂದಿನ ಹುಣ್ಣಿಮೆ."

ಮೂರನೆಯ ಹುಣ್ಣಿಮೆ. ಕಿಟಕಿಯ ಹೊರಗೆ ಮಗಳು ನಿಂತಿದ್ದಳು, ಮುಖ ಬಾಡಿತ್ತು. "ಏನು ತಿಂದರೂ ನಿಲ್ಲಲ್ಲ ಕಣಮ್ಮ," ಎಂದಳು. ಹುರಿದ ಓಮವನ್ನು ಬೆಲ್ಲದ ಜೊತೆ ಬಾಯಿಗೆ ಹಾಕಿಕೋ ಎಂದು ಹೇಳಬೇಕೆಂದು ತಾಯಿಗೆ ಅನಿಸಿತು. ಒಂದೇ ಮಾತಿನ ಊರಿನಲ್ಲಿ ಓಮಕ್ಕೆ ಜಾಗವೆಲ್ಲಿ? "ನಾನು ಹಾಕಿಲ್ಲ," ಎಂದಳು. ನಾಳೆ? ಮುಂದಿನ ಹುಣ್ಣಿಮೆ.

ಐದನೆಯ ಹುಣ್ಣಿಮೆಗೆ ಮಗಳ ಸೀರೆಯ ನೆರಿಗೆ ಮುಂದಕ್ಕೆ ಬಂದಿತ್ತು. ಏಳನೆಯದಕ್ಕೆ ಅವಳು ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದಳು. ತವರಿಗೆ ಬಂದು ತಾಯಿಯಿಲ್ಲದ ಮನೆಯಲ್ಲಿ ಒಬ್ಬಳೇ ಒಲೆ ಹಚ್ಚಿಕೊಂಡಿದ್ದಳು. ಹೊರಗೆ ಹೊಟ್ಟೆ ತಿಂಗಳು ತಿಂಗಳು ಬೆಳೆಯುತ್ತಿತ್ತು. ಒಳಗೆ ಗಡಿಗೆ ಮಾತ್ರ ತಿಂಗಳು ತಿಂಗಳೂ ತೂಕ ಸರಿ, ತೂಕ ಸರಿ.

ಮಜ್ಜಿಗೆಯಮ್ಮನಿಗೆ ಅನುಮಾನ ಹುಟ್ಟಿದ್ದು ಅಲ್ಲೇ. ಕಣ್ಣಿನಿಂದಲ್ಲ, ಕಿವಿಯಿಂದ. ಮೂವತ್ತು ವರ್ಷ ಸೌಟು ಹಿಡಿದವಳಿಗೆ ಮಜ್ಜಿಗೆ ಬೀಳುವ ಸದ್ದು ಮಗಳ ದನಿಯಷ್ಟೇ ಪರಿಚಯ. ಮೊದಲ ಹುಣ್ಣಿಮೆಯಲ್ಲಿ ಅದು ಶೀಸೆಗೆ ಬಿದ್ದಾಗ ದಪ್ಪ ಸದ್ದು. ಮೂರನೆಯದಕ್ಕೆ ಕೊಂಚ ತೆಳುವಾಯಿತು. ಐದನೆಯದಕ್ಕೆ ಮದುವೆ ಮನೆಯ ಕೊನೇ ಪಂಕ್ತಿಯ ಮಜ್ಜಿಗೆಯ ಸದ್ದು. ಎಂಟನೆಯ ಹುಣ್ಣಿಮೆಯಲ್ಲಿ ಶೀಸೆಯೊಳಗೆ ಬಿದ್ದದ್ದು ಅಪ್ಪಟ ಬಾವಿಯ ನೀರು, ಅವಳು ಆಣೆ ಮಾಡಿ ಹೇಳಬಲ್ಲವಳಾಗಿದ್ದಳು. ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಒಳಗೊಳಗೇ ನಗು. ನೀರು ಬೆರೆಸುವುದರಲ್ಲಿ ತನ್ನನ್ನು ಮೀರಿಸಿದವರೊಬ್ಬರು ಈ ಊರಿನಲ್ಲಿದ್ದಾರೆ ಎಂದು ಅವಳು ಅಂದುಕೊಂಡಿರಲೇ ಇಲ್ಲ.

ಅವಳು ಉಗ್ರಾಣದಯ್ಯನವರನ್ನು ದಿಟ್ಟಿಸಿದಳು. ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಕಿವಿಯ ಮೇಲೆ ಪೆನ್ಸಿಲ್. ಕಳ್ಳನ ಕಳೆಯೇ ಇಲ್ಲ. ಪಾಪ, ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಲು ಕಾದರೂ ಒಬ್ಬರಾದರೂ ಭೇಷ್ ಎಂದಿಲ್ಲ ಎಂಬ ಕೊರಗು ಮುಖದ ಮೇಲೆ ಬರೆದಿತ್ತು. ಆ ತಿಂಗಳೆಲ್ಲ ಅವಳು ಆ ಮುಖವನ್ನೇ ನೆನೆದಳು. ಒಂದೇ ಮಾತು. ಎಂಟು ಸಲ ಅದನ್ನು ನಿಜ ಹೇಳಲು ಖರ್ಚು ಮಾಡಿದ್ದಳು, ಏನೂ ಗಿಟ್ಟಿರಲಿಲ್ಲ.

ಒಂಬತ್ತನೆಯ ಹುಣ್ಣಿಮೆ ಬಂತು. ತೀರ್ಪಿನಯ್ಯ ಅಂಗೈ ತೋರಿಸಿದರು. "ತೂಕ ಸರಿ" ಎಂದರು ಉಗ್ರಾಣದಯ್ಯ. ಮೂರು ಸೌಟು ಶೀಸೆಗೆ ಬಿತ್ತು. ತಕರಾರಿನಯ್ಯ ಮೂರು ಸಾಲು ಓದುತ್ತಿರುವಾಗಲೇ ಕಿಟಕಿಯ ಹೊರಗಿನಿಂದ ಒಂದು ನರಳಿಕೆ ಕೇಳಿಸಿತು. ಮಗಳು ಸರಳು ಹಿಡಿದು ಬಗ್ಗಿದ್ದಳು, ಪಕ್ಕದ ಮನೆಯ ಹೆಂಗಸು ಅವಳ ಸೊಂಟ ಹಿಡಿದಿದ್ದಳು.

"ಅಮ್ಮಾ, ಶುರುವಾಯ್ತು," ಎಂದಳು ಮಗಳು.

ಮಜ್ಜಿಗೆಯಮ್ಮನಿಗೆ ಕೂಗಬೇಕೆನಿಸಿತು, ಅತ್ತು ಕಾಲು ಹಿಡಿಯಬೇಕೆನಿಸಿತು. ಎಲ್ಲವನ್ನೂ ನುಂಗಿಕೊಂಡಳು. ತನ್ನ ಪಾಲಿನ ಒಂದು ಮಾತನ್ನು ಉಗ್ರಾಣದಯ್ಯನವರ ಕಡೆ ತಿರುಗಿ ಹೇಳಿದಳು.

"ಅಯ್ಯಾ, ನಮ್ಮ ಮನೇಲಿ ಒಂದು ದಿನಕ್ಕೇ ಇಳಿದುಹೋಗೋ ಗಡಿಗೇನ ಎಂಟು ತಿಂಗಳಿಂದ ಒಂದು ತೊಟ್ಟೂ ಕಡಿಮೆ ಆಗದ ಹಾಗೆ ಕಾಪಾಡಿದೀರಲ್ಲ, ಅದು ಹೇಗೆ ಅಂತ ಹೇಳಿಕೊಡಿ."

ತೀರ್ಪಿನಯ್ಯ ಬೆಚ್ಚಿದರು. ತಕರಾರಿನಯ್ಯ ಪುಸ್ತಕದಿಂದ ತಲೆಯೆತ್ತಿದರು. ಉಗ್ರಾಣದಯ್ಯನವರ ಮುಖ ಮಾತ್ರ ದೀಪ ಹಚ್ಚಿದಂತೆ ಬೆಳಗಿತು. ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಕೈಯಲ್ಲಿ ಹಿಡಿದರು.

"ಇದನ್ನ ಕೇಳಿದವಳು ನೀನೇ ಮೊದಲಮ್ಮ! ಸುಲಭದ ಕೆಲಸ ಅಂದ್ಕೊಂಡೆಯಾ? ಗಡಿಗೇಲಿ ಹನ್ನೆರಡು ಸೌಟು. ಮಾದರಿಗೆ ಅಂತ ಇವರು ಮೂರು ಸೌಟು ತೆಗೀತಾರೆ. ಇಲಿಗಳು ಬಾಯಿಗೆ ಕಟ್ಟಿದ ಬಟ್ಟೆ ಕಡಿದು ಇನ್ನು ಮೂರು ಸೌಟು ಕುಡೀತಾವೆ. ಕುಡಿದು ಹಗಲೆಲ್ಲ ಕಾಲು ಮೇಲೆ ಮಾಡಿಕೊಂಡು ನಗ್ತಾ ಬಿದ್ದಿರ್ತಾವೆ, ನಾನು ಕಣ್ಣಾರೆ ನೋಡಿದೀನಿ. ಅಲ್ಲಿಗೆ ತಿಂಗಳಿಗೆ ಅರ್ಧ ಗಡಿಗೆ ಹೋಯ್ತು. ತೂಕ ಕಡಿಮೆ ಬಂದ್ರೆ ಯಾರ ಮೇಲೆ ಬರತ್ತೆ? ನನ್ನ ಮೇಲೆ. ಅದಕ್ಕೇ ಪ್ರತಿ ಹುಣ್ಣಿಮೆ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಆರು ಸೌಟು ನೀರು ಅಳೆದು ಹಾಕ್ತೀನಿ, ಹೊಸ ಬಟ್ಟೆ ಕಟ್ಟಿ ಮತ್ತೆ ಅರಗು ಒತ್ತುತೀನಿ. ಒಂದು ತೊಟ್ಟು ಹೆಚ್ಚಿಲ್ಲ, ಒಂದು ತೊಟ್ಟು ಕಡಿಮೆ ಇಲ್ಲ. ಈ ಕೈಯಿಂದ!"

ಅವರು ಆ ಕೈಯನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಹೊರಗೆ ಮಗಳು ಇನ್ನೊಮ್ಮೆ ನರಳಿದಳು.

ತೀರ್ಪಿನಯ್ಯ ಗಂಟಲು ಸರಿಮಾಡಿಕೊಂಡರು. "ಹಾಗಾದರೆ... ಈ ಗಡಿಗೆಯಲ್ಲಿ ಈಕೆ ತಂದದ್ದು ಈಗ ಎಷ್ಟಿದೆ?"

ಲೆಕ್ಕವೆಂದರೆ ಉಗ್ರಾಣದಯ್ಯನವರಿಗೆ ಹಬ್ಬ. ಅರ್ಧ, ಅರ್ಧದಲ್ಲಿ ಅರ್ಧ, ಅದರಲ್ಲಿ ಅರ್ಧ ಎಂದು ಗೋಡೆಯ ಮೇಲೆ ಪೆನ್ಸಿಲ್‌ನಿಂದ ಎಂಟು ಸಲ ಗೀಚಿದರು. "ಹೆಚ್ಚೆಂದರೆ ಒಂದು ಚಮಚ," ಎಂದರು. ತೀರ್ಪಿನಯ್ಯ ಗಡಿಗೆಯಿಂದ ಒಂದು ಚಮಚದಷ್ಟು ತೆಗೆಸಿ ತಕ್ಕಡಿಯಲ್ಲಿಟ್ಟರು. ಕರಿಕಲ್ಲು ಅಲುಗಾಡಲೇ ಇಲ್ಲ.

"ಕಲ್ಲಿಗಿಂತ ಹಗುರ," ಎಂದರು ತೀರ್ಪಿನಯ್ಯ. ಅವರ ದನಿಯಿಂದ ಎಂಟು ತಿಂಗಳ ಭಾರ ಇಳಿದಿತ್ತು. "ಎರಡು ಮಾತು ಬೇಕೇ ಇಲ್ಲ. ಮನೆಗೆ ಹೋಗಮ್ಮ, ಬೇಗ ಹೋಗು."

ಮಜ್ಜಿಗೆಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿಗೆ ಓಡಿದಳು. ಅಗುಳಿಯ ಮೇಲೆ ಕೈಯಿಡುವಷ್ಟರಲ್ಲಿ ಹಿಂದಿನಿಂದ ತಕರಾರಿನಯ್ಯನವರ ರಾಗ ಕೇಳಿಸಿತು. ಪಾಪ, ಅವರಿಗೆ ಪುಸ್ತಕ ತೆರೆದಿದ್ದರೆ ಓದದೆ ಇರಲು ಬರುತ್ತಿರಲಿಲ್ಲ.

"ಅದಕ್ಕೆ ಏನನ್ನು ಬೆರೆಸಿದವರೂ ಅದನ್ನು ತಯಾರಿಸಿದವರೇ." ಅವರು ಉಗ್ರಾಣದಯ್ಯನವರ ಕಡೆ ನೋಡಿದರು. ಉಗ್ರಾಣದಯ್ಯ ಎತ್ತಿದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು. ರಾಗ ಮುಂದುವರಿಯಿತು, ಆದರೆ ಸ್ವಲ್ಪ ನಡುಗುತ್ತ. "ತಯಾರಿಸಿದವರ ಕೈಯಿಂದ... ಪಡೆದವರೂ..." ತಕರಾರಿನಯ್ಯ ತಮ್ಮ ಮುಂದಿದ್ದ ಶೀಸೆಯನ್ನು ನೋಡಿದರು. ತೀರ್ಪಿನಯ್ಯ ತಮ್ಮ ಶೀಸೆಯನ್ನು ನೋಡಿದರು. ಇಬ್ಬರ ಮನೆಯ ಬೀರುವಿನಲ್ಲೂ ಇಂಥವು ಎಂಟೆಂಟು ಸಾಲಾಗಿ ನಿಂತಿದ್ದವು.

ತೀರ್ಪಿನಯ್ಯ ಎತ್ತರದ ಪೀಠದಿಂದ ಇಳಿದರು. ಇಳಿಯದೆ ವಿಧಿಯಿರಲಿಲ್ಲ, ಅವರ ಕೈ ಇನ್ನು ಖಾಲಿಯಲ್ಲ. ಮೂವರೂ ಅವಳು ಬಿಟ್ಟೆದ್ದ ಎದುರಿನ ಒಂದೇ ಪೀಠದಲ್ಲಿ ಒಬ್ಬರ ಮೇಲೊಬ್ಬರು ಬಿದ್ದ ಹಾಗೆ ಕೂತರು. ಅದು ಒಬ್ಬರಿಗೆಂದು ಮಾಡಿಸಿದ ಪೀಠ.

"ಅಮ್ಮಾ," ಎಂದರು ತೀರ್ಪಿನಯ್ಯ. "ಈ ಮನೆಯಲ್ಲಿ ಈಗ ಕೈ ಖಾಲಿ ಇರೋದು ನಿಂದೊಂದೇ. ಒಂದೋ ನಮ್ಮ ಪರವಾಗಿ ಎರಡು ಮಾತು ಹೇಳಬೇಕು, ಇಲ್ಲಾ ಮುಂದಿನ ಹುಣ್ಣಿಮೆ ಅನ್ನಬೇಕು. ಅದಾಗದೆ ಆ ಅಗುಳಿ ತೆಗೆಯೋ ಹಾಗಿಲ್ಲ. ನಾನು ಹೇಳ್ತಿರೋದಲ್ಲ ತಾಯಿ, ಕಾನೂನು."

ಮುಂದಿನ ಹುಣ್ಣಿಮೆ. ಎಷ್ಟು ಸಣ್ಣ ಮಾತು! ಅದು ಅವಳ ನಾಲಿಗೆಯ ತುದಿಗೆ ಬಂದು ಬೆಲ್ಲದ ಚೂರಿನ ಹಾಗೆ ಕೂತಿತು. ಎಂಟು ಸಲ ಕೇಳಿದವಳಿಗೆ ಒಂದು ಸಲ ಹೇಳುವ ಆಸೆ ಇರುವುದಿಲ್ಲವೇ? ಇತ್ತು, ಬೇಕಾದಷ್ಟಿತ್ತು. ಅವಳು ಆ ಮೂವರನ್ನೂ ನೋಡಿದಳು. ತೀರ್ಪಿನಯ್ಯ ಬೆವರುತ್ತಿದ್ದರು. ಉಗ್ರಾಣದಯ್ಯ ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತ, ಇದು ಮಾಡಿದ ತಪ್ಪೇನು ಎಂದು ತಿಳಿಯದೆ ಅಳುಮುಖ ಮಾಡಿಕೊಂಡಿದ್ದರು. ತಾನೂ ಮೊದಲ ದಿನ ಹೀಗೇ ಕೂತಿದ್ದಳು. ಅದು ನೆನಪಾದದ್ದೇ ಅವಳ ನಾಲಿಗೆಯ ಮೇಲಿದ್ದ ಬೆಲ್ಲ ಕರಗಿಹೋಯಿತು.

"ಇವರು ಮಾಡಿಲ್ಲ," ಎಂದಳು. "ಹಾಕಿದ್ದು ಬರೀ ನೀರು. ನೀರು ಹಾಕೋದೇ ತಪ್ಪಾದ್ರೆ ನನ್ನನ್ನ ಮೂವತ್ತು ವರ್ಷದ ಹಿಂದೇನೇ ಒಳಗೆ ಕೂರಿಸಬೇಕಿತ್ತು."

ಮೂವರ ಮುಖದಲ್ಲೂ ಕಳೆ ಬಂತು. ಆಗ, ಜನ್ಮಕ್ಕಂಟಿದ ಚಾಳಿ, ಆ ಇಕ್ಕಟ್ಟಿನ ಪೀಠದಿಂದ ಒಂದು ದನಿ ತಾನಾಗಿ ಎದ್ದಿತು.

"ನಾಳೆ?"

ತಕರಾರಿನಯ್ಯ ಎರಡೂ ಕೈಯಿಂದ ತಮ್ಮ ಬಾಯಿ ಮುಚ್ಚಿಕೊಂಡರು. ಆದರೆ ಶಬ್ದ ಹೊರಬಿದ್ದಾಗಿತ್ತು. ತೀರ್ಪಿನಯ್ಯ ಕಣ್ಣು ಮುಚ್ಚಿದರು. ಉಗ್ರಾಣದಯ್ಯ ತಕರಾರಿನಯ್ಯನವರ ತೊಡೆ ಚಿವುಟಿದರು.

ಮಜ್ಜಿಗೆಯಮ್ಮ ಜೋರಾಗಿ ನಕ್ಕುಬಿಟ್ಟಳು. ಎಂಟು ತಿಂಗಳಲ್ಲಿ ಮೊದಲ ಸಲ.

"ನಾಳೆ ತಾನೇ? ಕೇಳಿ, ಹೇಳ್ತೀನಿ. ನಾಳೆ ನಮ್ಮ ಮನೇಲಿ ಬಾಣಂತಿ ಇರ್ತಾಳೆ, ಮಗು ಇರತ್ತೆ. ಬೆಳಿಗ್ಗೆ ಎದ್ದು ಎರಡು ಹಂಡೆ ನೀರು ಕಾಯಿಸಬೇಕು. ಒಂದೇ ಸಮ ಸುಡುಸುಡು ನೀರು ಹುಯ್ಯಬೇಕು, ನಡುವೆ ನಿಲ್ಲೋ ಹಾಗಿಲ್ಲ. ಗಂಡಸರಿಲ್ಲದ ಮನೆ ನಮ್ಮದು. ನೀವು ಮೂವರೂ ಬರ್ತೀರಿ. ಉಗ್ರಾಣದಯ್ಯ ನೀರು ಸೇದಿ ಹಂಡೆ ತುಂಬಿಸ್ತಾರೆ, ಆ ಕೆಲಸ ಅವರಷ್ಟು ಚೆನ್ನಾಗಿ ಯಾರಿಗೂ ಬರಲ್ಲ. ತಕರಾರಿನಯ್ಯ ಸೌದೆ ಒಡೀತಾರೆ. ನೀವು, ಸ್ವಾಮಿ, ಒಲೆ ಊದ್ತೀರಿ. ಇಷ್ಟೆಲ್ಲ ಇರೋವಾಗ ಇವರು ಇನ್ನು ಮಾಡೋದಿಲ್ಲ. ಪುರುಸೊತ್ತೆಲ್ಲಿದೆ?"

"ಅಮ್ಮಾ, ಆ ಮಾತು ಸುಳ್ಳಾದರೆ ನೀನೇ ಮತ್ತೆ ಒಳಗೆ ಕೂರಬೇಕಾಗತ್ತೆ," ಎಂದರು ತೀರ್ಪಿನಯ್ಯ. ಬಿಡುಗಡೆಯ ಹೊತ್ತಿನಲ್ಲೂ ನಿಜ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

"ಕೂತು ಅಭ್ಯಾಸ ಇದೆ," ಎಂದು ಮಜ್ಜಿಗೆಯಮ್ಮ ಅಗುಳಿ ತೆಗೆದಳು.

ಎರಡು ಮಾತು ಹೇಳಲು ಹಿಡಿದದ್ದು ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತು. ತೀರ್ಪಿನಯ್ಯ ತೆರೆದ ಬಾಗಿಲನ್ನು ನೋಡುತ್ತ, ತಾವು ಇಷ್ಟು ವರ್ಷ ಬಾಯಿ ತೆರೆದು ಮುಚ್ಚಿದ ಹುಣ್ಣಿಮೆಗಳನ್ನು ನೆನೆದರು. ಅವರಿಗೆ ನಾಚಿಕೆಯಾಯಿತು.

ಸಂಜೆಗೆ ಮೊದಲೇ ಮಜ್ಜಿಗೆಯಮ್ಮನ ಮನೆಯಲ್ಲಿ ಮಗು ಅತ್ತಿತು. ಹೆಣ್ಣು. ತಾಯಿಯ ಕೈಯಲ್ಲೇ ಮಗಳ ಹೆರಿಗೆಯಾಯಿತು.

ಮರುದಿನ ಬೆಳಿಗ್ಗೆ ಮೂವರೂ ಬಂದರು. ತೀರ್ಪಿನಯ್ಯ ಬಚ್ಚಲ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಊದುಗೊಳವೆಗೆ ಬಾಯಿಟ್ಟರು, ಹೊಗೆಗೆ ಕಣ್ಣೀರು ಸುರಿಯಿತು. ತಕರಾರಿನಯ್ಯ ಕೊಡಲಿಯನ್ನು ಮೊದಲು ತಿರುವುಮುರುವಾಗಿ ಹಿಡಿದರು, ಆಮೇಲೆ ಕಲಿತರು. ಉಗ್ರಾಣದಯ್ಯ ಹಂಡೆಯ ನೀರು ಒಂದು ತಂಬಿಗೆ ಇಳಿದರೆ ಒಂದು ತಂಬಿಗೆ ತುಂಬಿಸುತ್ತ, ಅಂಚಿನಿಂದ ಕಣ್ಣು ಕೀಳಲಿಲ್ಲ. ಒಳಗಿನಿಂದ ಮಜ್ಜಿಗೆಯಮ್ಮ "ನೀರು ಬರ್ಲಿ" ಎಂದು ಕೂಗಿದಾಗಲೆಲ್ಲ ನೀರು ಬಂತು. ಎಣ್ಣೆ ಹಚ್ಚಿದ ಮೈಮೇಲೆ ಬಿಸಿನೀರು ಬಿದ್ದು ಮಗಳು ಹಾಯೆಂದು ಉಸಿರುಬಿಟ್ಟದ್ದು ಹೊರಗಿದ್ದ ಮೂವರಿಗೂ ಕೇಳಿಸಿತು.

ಬಾಣಂತಿ ಮಲಗಿದಳು. ಮಜ್ಜಿಗೆಯಮ್ಮ ಮೂವರಿಗೂ ಒಂದೊಂದು ಲೋಟ ಗಟ್ಟಿ ಮಜ್ಜಿಗೆ ಕೊಟ್ಟಳು. ಕುಡಿಯುವ ಮುಂಚೆ ಮೂವರೂ ಲೋಟದೊಳಗೆ ಇಣುಕಿ ನೋಡಿದರು. ಕುಡಿದು, ಮೀಸೆ ಒರೆಸಿ, ಹೊರಟು ನಿಂತರು. ತಕರಾರಿನಯ್ಯ ಮಾತ್ರ ಹೊಸ್ತಿಲ ಬಳಿ ಹಿಂದುಳಿದರು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು, ಅಂಗಿಯ ತುಂಬ ಸೌದೆಯ ಚೂರು. ಒಳಗೆ ಮಗು ಮುಲುಗುಟ್ಟಿದ್ದನ್ನು ಕೇಳಿಸಿಕೊಂಡರು. ಆಮೇಲೆ ತಮ್ಮ ಆ ಹಳೆಯ ಶಬ್ದವನ್ನು, ಜೀವಮಾನದಲ್ಲಿ ಮೊದಲ ಸಲ ಉತ್ತರ ಬೇಕಾಗಿ, ಮೆಲ್ಲಗೆ ಕೇಳಿದರು.

"ನಾಳೆ?"

"ನಾಳೆ ಸ್ವಲ್ಪ ಬೇಗ ಬನ್ನಿ," ಎಂದಳು ಮಜ್ಜಿಗೆಯಮ್ಮ. "ಸೌದೆ ಹಸಿಯಿದೆ."